ತಾಳೆ ನೋಡುವ ಕೆಲಸ

ಸಂಘದ ಸಮಾರಂಭಗಳಲ್ಲಿ ಹೊಸದಾಗಿ ಪರಿಚಯವಾದವರು, "ತಮಗೆ ಆಫೀಸಿನಲ್ಲಿ ಏನು ಕೆಲಸ?" ಎಂದು ಕೇಳುವುದುಂಟು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ ಎಂದರೆ ಅವರಿಗೆ ಅಷ್ಟು ಸಾಕು. ಮುಂದಿನ ಪ್ರಶ್ನೆ ಊರು ಯಾವುದು ಎಂಬುದಕ್ಕೆ ಹೋಗಿಬಿಡುತ್ತದೆ. ಆದರೆ ನಾನು ನಿಜವಾಗಿ ಮಾಡುವ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಮಾತಿದೆ: ತಾಳೆ ನೋಡುವುದು. ಎರಡು ಕಡೆ ಬರೆದಿಟ್ಟ ಒಂದೇ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಹುಡುಕುವುದು. ಸುಮಾರು ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಹೆಚ್ಚಿನ ಹೊತ್ತು ಕಳೆದದ್ದು ಇದರಲ್ಲೇ.

ಬಿ.ಎಸ್ಸಿ. ಓದುವಾಗ ರಸಾಯನ ಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಮಗೆ ಟೈಟ್ರೇಷನ್ ಮಾಡಿಸುತ್ತಿದ್ದರು. ಬ್ಯುರೆಟ್ಟಿನ ಅಳತೆ ಎರಡು ಸಲ ಒಂದೇ ಬರುವವರೆಗೆ ಮೇಷ್ಟರು ಬಿಡುತ್ತಿರಲಿಲ್ಲ. ಮೊದಲು ಬಂದದ್ದು ಸರಿಯೋ ಆಮೇಲೆ ಬಂದದ್ದು ಸರಿಯೋ ಎಂದು ಕೇಳಿದರೆ, "ಎರಡರ ಮೇಲೂ ಸಂಶಯವಿರಲಿ, ಇನ್ನೊಮ್ಮೆ ಮಾಡಿ" ಎನ್ನುತ್ತಿದ್ದರು. ಆ ವಿದ್ಯೆ ನನಗೆ ವಿಜ್ಞಾನದಲ್ಲಿ ಉಪಯೋಗಕ್ಕೆ ಬರಲಿಲ್ಲ, ಲೆಕ್ಕಪತ್ರದಲ್ಲಿ ಬಂತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾಳೆ ನೋಡುವುದಕ್ಕೆ ಕಾಲಿನ ಶಕ್ತಿಯೂ ಬೇಕಾಗಿತ್ತು. ತಿಂಗಳು ಮುಗಿದ ಮೇಲೆ ನಮ್ಮ ರಿಜಿಸ್ಟರನ್ನು ಬಗಲಲ್ಲಿಟ್ಟುಕೊಂಡು ಲೆಕ್ಕಾಧಿಕಾರಿಗಳ ಕಚೇರಿಗೆ ಹೋಗುವುದು, ಅಲ್ಲಿನ ಗುಮಾಸ್ತರ ಎದುರು ಕೂರುವುದು, ಅವರು ಓದಿದಂತೆ ನಾವು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಬರುವುದು. ಹೊಂದದ ಬಾಬ್ತು ಸಿಕ್ಕಿದರೆ ವೋಚರು ತೆಗೆಸಿ ನೋಡುವುದು. ಇಬ್ಬರ ಮಧ್ಯೆ ಎರಡು ಲೋಟ ಕಾಫಿ, ಸ್ವಲ್ಪ ಮಾತುಕತೆ. ತಪ್ಪು ಯಾರ ಕಡೆಯದು ಎಂಬುದು ಸಂಜೆಯೊಳಗೆ ಇತ್ಯರ್ಥವಾಗುತ್ತಿತ್ತು.

ಈಗ ಆ ಓಡಾಟ ತಪ್ಪಿದೆ. ಸಂಬಳದ ಬಿಲ್ಲಿಗೆ ಒಂದು ಗಣಕ ವ್ಯವಸ್ಥೆ, ಬ್ಯಾಂಕಿಗೆ ಒಂದು, ಪಿಂಚಣಿ ನಿಧಿಗೆ ಒಂದು, ಆದಾಯ ತೆರಿಗೆಗೆ ಇನ್ನೊಂದು. ಇವುಗಳ ನಡುವೆ ದಾರಿ ಮಾಡಿ, ತಮ್ಮ ತಮ್ಮಲ್ಲೇ ಮಾತನಾಡಿಕೊಳ್ಳಲು ಬಿಟ್ಟಿದ್ದಾರೆ. ಕೇಂದ್ರ ಸರ್ಕಾರದ ಹಣ ಪಾವತಿಯಾಗುವ ಪಿ.ಎಫ್.ಎಂ.ಎಸ್. ಎಂಬ ವ್ಯವಸ್ಥೆ 2009ರಲ್ಲಿ ಯೋಜನೆಗಳ ಹಣದ ಜಾಡು ಹಿಡಿಯುವುದಕ್ಕೆಂದು ಬೇರೆ ಹೆಸರಿನಲ್ಲಿ ಆರಂಭವಾದದ್ದು. ಇಂದು ನಮ್ಮ ಸಂಬಳವೂ ಅದರ ಮೂಲಕವೇ ಬರುತ್ತದೆ. ವ್ಯಾಪಾರಸ್ಥರಲ್ಲೂ ಇದೇ ಕಥೆ. ಬಿಲ್ಲು ಹಾಕುವ ಸಾಫ್ಟ್‌ವೇರು, ದಾಸ್ತಾನಿನ ಸಾಫ್ಟ್‌ವೇರು, ಲೆಕ್ಕದ ಸಾಫ್ಟ್‌ವೇರು ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿದ್ದಾರೆ. ಗಂಟು ಸರಿಯಾಗಿದ್ದರೆ ಇದಕ್ಕಿಂತ ಸುಖವಿಲ್ಲ. ಸಡಿಲವಾದ ದಿನ ಮಾತ್ರ, ಎದುರು ಕೂತು ಕಾಫಿ ಕುಡಿಯುವ ಗುಮಾಸ್ತ ಇರುವುದಿಲ್ಲ.

ಮನೆಯ ಹೆಂಗಸರಿಗೆ ಈ ವಿಷಯ ನಾನು ಹೇಳಿಕೊಡಬೇಕಾದದ್ದೇನೂ ಇಲ್ಲ. ಹಾಲಿನವನ ಪುಸ್ತಕ ಒಂದು, ಅಡಿಗೆಮನೆಯ ಗೋಡೆಯ ಕ್ಯಾಲೆಂಡರು ಒಂದು. ನಾವು ಊರಿಗೆ ಹೋಗಿದ್ದ ಮೂರು ದಿನಗಳನ್ನು ಅವನು ಎರಡೇ ಎಂದು ಬರೆದಿರುತ್ತಾನೆ. ನೆಂಟರು ಬಂದ ದಿನದ ಹೆಚ್ಚಿನ ಅರ್ಧ ಲೀಟರನ್ನು ನಾವು ಗುರುತು ಹಾಕಿರುವುದಿಲ್ಲ. ಎಷ್ಟು ದೊಡ್ಡ ಯಂತ್ರವಾದರೂ ತಾಳೆ ತಪ್ಪುವುದು ಹೆಚ್ಚಾಗಿ ಈ ಮೂರು ಬಗೆಯಲ್ಲೇ: ಒಂದು ಕಡೆ ಇರುವುದು ಇನ್ನೊಂದು ಕಡೆ ಬಿಟ್ಟುಹೋಗಿರುತ್ತದೆ, ಒಂದು ಸಲ ನಡೆದದ್ದು ಎರಡು ಸಲ ದಾಖಲಾಗಿರುತ್ತದೆ, ಅಥವಾ ಎರಡೂ ಕಡೆ ಇದ್ದು, ಬೇರೆ ಬೇರೆಯಾಗಿರುತ್ತದೆ. ಇವುಗಳಲ್ಲಿ ಯಾವುದು ಎಂದು ಮೊದಲು ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಆದಂತೆಯೇ.

ನನ್ನ ಮೇಜಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 2004ರ ಜನವರಿ 1ರಿಂದ ಕೇಂದ್ರ ಸರ್ಕಾರದ ಕೆಲಸಕ್ಕೆ ಹೊಸದಾಗಿ ಸೇರಿದವರನ್ನು, ಸೈನ್ಯದವರ ಹೊರತು, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯೊಳಗೆ ತಂದರು. ಪ್ರತಿ ತಿಂಗಳು ಸಂಬಳದಲ್ಲಿ ಒಂದು ಭಾಗ ಹಿಡಿದು, ಸರ್ಕಾರದ ಪಾಲನ್ನೂ ಸೇರಿಸಿ ಕಳುಹಿಸುತ್ತಾರೆ. ಆದರೆ ಹೆಸರುಪಟ್ಟಿ ಹೋಗುವ ದಾರಿ ಬೇರೆ, ಹಣ ಹೋಗುವ ದಾರಿ ಬೇರೆ. ಯಾರ ಖಾತೆಗೆ ಎಷ್ಟು ಎಂಬ ಪಟ್ಟಿ ದಾಖಲೆ ಇಡುವ ಸಂಸ್ಥೆಗೆ. ಒಟ್ಟು ಮೊತ್ತ ಟ್ರಸ್ಟಿ ಬ್ಯಾಂಕಿಗೆ. ಎರಡೂ ಸೇರಿ, ಮೊತ್ತ ಹೊಂದಿದ ಮೇಲೆಯೇ ಹಣ ಹೂಡಿಕೆಯಾಗುವುದು. ನಲವತ್ತು ಜನರ ಪಟ್ಟಿಯಲ್ಲಿ ಒಬ್ಬರ ಮುಂದೆ ಒಂದು ರೂಪಾಯಿ ಹೆಚ್ಚು ಕಡಿಮೆಯಾದರೂ ನಲವತ್ತು ಜನರ ಹಣ ಬಾಗಿಲ ಹೊರಗೆ ನಿಲ್ಲುತ್ತದೆ. ಸಂಬಳದ ಚೀಟಿಯಲ್ಲಿ ಕಡಿತವಾಗಿದೆ ಎಂದಿರುತ್ತದೆ, ಖಾತೆಯಲ್ಲಿ ಬಂದಿಲ್ಲ ಎಂದಿರುತ್ತದೆ. ಎರಡೂ ಸುಳ್ಳಲ್ಲ. ಮಧ್ಯದ ದಾರಿಯಲ್ಲಿ ನಿಂತಿರುವುದನ್ನು ಎರಡು ತುದಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಷ್ಟೆ.

ಇದು ಸರ್ಕಾರದ ಮಾತಾಯಿತು. ಇನ್ನು ವ್ಯಾಪಾರದ್ದು. ಮದರಾಸಿಗೂ ನಮ್ಮ ಉಡುಪಿ ಕಡೆಯ ಹೋಟೆಲುಗಳಿಗೂ ಇರುವ ನಂಟು ನಮ್ಮ ಓದುಗರಿಗೆ ಹೊಸದಲ್ಲ. ವೆಸ್ಟ್ ಮಾಂಬಲದಲ್ಲಿ ಕುಂದಾಪುರದ ಕಡೆಯ ರಾಯರೊಬ್ಬರು ಸಣ್ಣ ಹೋಟೆಲು ನಡೆಸುತ್ತಾರೆ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆಯುತ್ತಾರೆ. ಭಾನುವಾರ ಮಾತ್ರ ಆರಕ್ಕೆ. ಮಗನ ಒತ್ತಾಯಕ್ಕೆ ಗಲ್ಲಾದಲ್ಲಿ ಬಿಲ್ಲು ಹಾಕುವ ಸಾಫ್ಟ್‌ವೇರು ಒಂದು ಕಂಪನಿಯದನ್ನೂ, ಲೆಕ್ಕಪತ್ರದ್ದು ಇನ್ನೊಂದು ಕಂಪನಿಯದನ್ನೂ ತೆಗೆದುಕೊಂಡು ಎರಡನ್ನೂ ಜೋಡಿಸಿದರು. ಮನೆಮನೆಗೆ ತಿಂಡಿ ತಲುಪಿಸುವ ಕಂಪನಿಗಳ ಆರ್ಡರುಗಳೂ ಅದರೊಳಕ್ಕೇ ಬರುವಂತಾಯಿತು. ಕೆಲವು ತಿಂಗಳ ಮೇಲೆ ಒಂದು ಸಂಜೆ ಅವರು ನನ್ನನ್ನು ಒಳಗೆ ಕರೆದು ಕೂರಿಸಿ, ದನಿ ತಗ್ಗಿಸಿ ಹೇಳಿದರು: "ಹುಡುಗನ ಕೈ ಸರಿ ಇಲ್ಲವೋ ಏನೋ ಮಾರಾಯ್ರೆ. ಭಾನುವಾರ ಭಾನುವಾರ ನಗದು ಕಡಿಮೆ ಬರ್ತದೆ. ಆರು ನೂರು, ಏಳು ನೂರು."

ಹುಡುಗನೆಂದರೆ ಗಲ್ಲಾದಲ್ಲಿ ಕೂರುವವನು; ಅವರ ಊರಿನವನೇ, ತಂದೆಯಿಲ್ಲದವನು. ಭಾನುವಾರ ಮಧ್ಯಾಹ್ನದ ಮೇಲೆ ಅವನಿಗೆ ರಜೆ, ಸಿನಿಮಾಕ್ಕೆ ಹೋಗುತ್ತಾನೆ. ಎರಡಕ್ಕೆ ಎರಡು ಸೇರಿಸಿ ನಾಲ್ಕು ಮಾಡಲು ಯಾರಿಗಾದರೂ ಎಷ್ಟು ಹೊತ್ತು? ಬರುವ ತಿಂಗಳು ಊರಿಗೆ ಕಳುಹಿಸಿಬಿಡುವುದೆಂದು ರಾಯರು ಮನಸ್ಸಿನಲ್ಲೇ ನಿಶ್ಚಯಿಸಿದ್ದರು.

ನಾನು ಕೇಳಿದ್ದು ಒಂದೇ: ಹೆಚ್ಚಿಗೆ ಬಂದ ದಿನ ಉಂಟೇ? ರಾಯರು ಯೋಚಿಸಿದರು. ಹೆಚ್ಚಿಗೆ ಬಂದ ದಿನವನ್ನು ಯಾರೂ ಹುಡುಕುವುದಿಲ್ಲ; ಕಡಿಮೆ ಬಂದದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. ನಾಲ್ಕು ವಾರಗಳ ಲೆಕ್ಕವನ್ನು ಕಾಗದದ ಮೇಲೆ ಬರೆದೆವು: ಒಂದು ಸಾಲಿನಲ್ಲಿ ಗಲ್ಲಾದ ಯಂತ್ರ ಹೇಳುವ ಆ ದಿನದ ಮೊತ್ತ, ಇನ್ನೊಂದರಲ್ಲಿ ಲೆಕ್ಕದ ಸಾಫ್ಟ್‌ವೇರು ಹೇಳುವ ಮೊತ್ತ, ಮೂರನೆಯದರಲ್ಲಿ ವ್ಯತ್ಯಾಸ. ಬರೆದ ಮೇಲೆ ಸಂಗತಿ ತಾನಾಗಿಯೇ ಕಂಡಿತು. ಭಾನುವಾರ ಎಷ್ಟು ಕಡಿಮೆಯೋ, ಹೆಚ್ಚು ಕಡಿಮೆ ಅಷ್ಟೇ ಹಣ ಹಿಂದಿನ ಶನಿವಾರ ಹೆಚ್ಚಿಗೆ ಬಂದಿತ್ತು. ಉಳಿದ ದಿನಗಳಲ್ಲಿ ಹತ್ತು ಇಪ್ಪತ್ತು ರೂಪಾಯಿಯ ಏರುಪೇರು; ಅದನ್ನು ಚಿಲ್ಲರೆ ತೊಂದರೆ ಎಂದು ಬಿಟ್ಟಿದ್ದರು. ಗಲ್ಲಾದ ಯಂತ್ರಕ್ಕೂ ಕೈಯಲ್ಲಿದ್ದ ನಗದಿಗೂ ಒಂದು ದಿನವೂ ತಾಳೆ ತಪ್ಪಿರಲಿಲ್ಲ. ತಪ್ಪಿದ್ದು ಎರಡು ಯಂತ್ರಗಳ ನಡುವೆ.

ಆಮೇಲೆ ಬಿಲ್ಲು ಬಿಲ್ಲಾಗಿ ನೋಡಿದೆವು. ಬಿಲ್ಲಿನ ಸಂಖ್ಯೆ ಎರಡೂ ಕಡೆ ಒಂದೇ ಇದ್ದದ್ದರಿಂದ ಹುಡುಕುವುದು ಕಷ್ಟವಾಗಲಿಲ್ಲ. ಬೆಳಿಗ್ಗೆ ಐದರಿಂದ ಐದೂವರೆಯೊಳಗೆ ಹಾಕಿದ ಕಾಫಿ, ಇಡ್ಲಿ, ಪೊಂಗಲ್ ಬಿಲ್ಲುಗಳೆಲ್ಲ ಲೆಕ್ಕದ ಸಾಫ್ಟ್‌ವೇರಿನಲ್ಲಿ ಹಿಂದಿನ ದಿನದ ತಾರೀಕಿಗೆ ಬಿದ್ದಿದ್ದವು. ಕಾರಣ ಸರಳ. ಆ ಯಂತ್ರ ದಿನವನ್ನು ಎಣಿಸುತ್ತಿದ್ದದ್ದು ಗ್ರೀನಿಚ್ ಕಾಲದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಾಂಬಲದಲ್ಲಿ ಬೆಳಿಗ್ಗೆ ಐದೂವರೆಯಾದಾಗ ಅಲ್ಲಿ ಮಧ್ಯರಾತ್ರಿ; ಅದಕ್ಕೆ ಮುಂಚೆ ಕುಡಿದ ಕಾಫಿ ಅಲ್ಲಿನ ಲೆಕ್ಕಕ್ಕೆ ನಿನ್ನೆಯದು. ವಾರದ ದಿನಗಳಲ್ಲಿ ಇಂದಿನ ಅರ್ಧ ಗಂಟೆ ನಿನ್ನೆಗೆ ಹೋದರೆ ನಾಳೆಯ ಅರ್ಧ ಗಂಟೆ ಇಂದಿಗೆ ಬಂದು ಸರಿದೂಗುತ್ತಿತ್ತು. ಭಾನುವಾರ ಆರಕ್ಕೆ ಬಾಗಿಲು ತೆಗೆಯುವುದರಿಂದ ಹಿಂದಕ್ಕೆ ಹೋಗಲು ಬಿಲ್ಲಿಲ್ಲ. ಸೋಮವಾರದ ಅರ್ಧ ಗಂಟೆ ಮಾತ್ರ ಬಂದು ಭಾನುವಾರದ ಪುಸ್ತಕವನ್ನು ಉಬ್ಬಿಸುತ್ತಿತ್ತು. ಪುಸ್ತಕ ಉಬ್ಬಿದ್ದಕ್ಕೆ ನಗದು ಕಡಿಮೆಯಾಗಿ ಕಂಡಿತು.

ಒಂದು ಕಾಲದಲ್ಲಿ ಇದೇ ಊರಿನ ನುಂಗಂಬಾಕ್ಕಂ ವೀಕ್ಷಣಾಲಯದ 'ಮದರಾಸು ಟೈಮ'ನ್ನು ದೇಶದ ರೈಲುಗಳು ಅನುಸರಿಸುತ್ತಿದ್ದವು. ಇಡೀ ದೇಶಕ್ಕೆ ಒಂದು ಪ್ರಮಾಣ ಕಾಲ ಬಂದದ್ದು 1906ರಲ್ಲಿ. ಆ ಊರಿನ ಹೋಟೆಲಿಗೇ ಗ್ರೀನಿಚ್ ಗಡಿಯಾರ ಹೀಗೆ ಕಾಟ ಕೊಟ್ಟಿತಲ್ಲ ಎಂದು ನಾನು ನಕ್ಕರೆ ರಾಯರಿಗೆ ನಗು ಬರಲಿಲ್ಲ. ಕಂಪನಿಯವರಿಗೆ ಫೋನು ಮಾಡಿದಾಗ ಅವರು ಒಂದೇ ಒಂದು ಆಯ್ಕೆಯನ್ನು ಬದಲಿಸಿದರು; ಐದು ನಿಮಿಷದ ಕೆಲಸ. ಹುಡುಗ ಗಲ್ಲಾದಲ್ಲೇ ಉಳಿದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಅಡಿಗೆಯವರು ಆಮೇಲೆ ಹೇಳಿದ ಪ್ರಕಾರ ಆ ಒಂದು ತಿಂಗಳು ಅವನು ಸರಿಯಾಗಿ ಊಟ ಮಾಡಿರಲಿಲ್ಲವಂತೆ. ಸಂಶಯ ಎನ್ನುವುದು ಬಾಯಿಬಿಟ್ಟು ಹೇಳದೆಯೂ ತಲುಪುತ್ತದೆ.

ಅದೇ ಹೋಟೆಲಿನಲ್ಲಿ ಇನ್ನೂ ಕೆಲವು ಸಂಗತಿಗಳು ಸಿಕ್ಕಿದವು. ಮಳೆಗಾಲದಲ್ಲಿ ಸಂಪರ್ಕ ಕಡಿದಾಗ ಒಂದು ಯಂತ್ರ ಕಳುಹಿಸಿದ ಆರ್ಡರು ತಲುಪಿರುತ್ತದೆ, ತಲುಪಿತು ಎಂಬ ಮರುಮಾತು ಮಾತ್ರ ಬಂದಿರುವುದಿಲ್ಲ. ಪಾಪ, ಅದು ಇನ್ನೊಮ್ಮೆ ಕಳುಹಿಸುತ್ತದೆ. ಪಡೆಯುವ ಕಡೆ ಗುರುತಿನ ಸಂಖ್ಯೆ ನೋಡಿ, ಇದು ಆಗಲೇ ಬಂದಿದೆ ಎಂದು ಬದಿಗಿಡುವ ಬುದ್ಧಿ ಇಲ್ಲದಿದ್ದರೆ ಒಂದೇ ಮಸಾಲೆ ದೋಸೆ ಎರಡು ಸಲ ಮಾರಾಟವಾಗುತ್ತದೆ. ತೆರಿಗೆಯಲ್ಲೂ ಹಾಗೆಯೇ. 2022ರ ಜನವರಿ 1ರಿಂದ ತಲುಪಿಸುವ ಕಂಪನಿಗಳ ಮೂಲಕ ಹೋದ ತಿಂಡಿಯ ಜಿ.ಎಸ್.ಟಿ.ಯನ್ನು ಆ ಕಂಪನಿಗಳೇ ಕಟ್ಟಬೇಕು. ಲೆಕ್ಕದ ಸಾಫ್ಟ್‌ವೇರಿಗೆ ಇದನ್ನು ತಿಳಿಸದಿದ್ದರೆ ಅದು ಅದೇ ತೆರಿಗೆಯನ್ನು ಹೋಟೆಲಿನ ತಲೆಗೂ ಬರೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ತಿಂಡಿಯ ದರಪಟ್ಟಿ. ರಾಯರು ಗಲ್ಲಾದ ಯಂತ್ರದಲ್ಲಿ ದರ ತಿದ್ದುತ್ತಿದ್ದರು, ಮಗ ಲೆಕ್ಕದ ಕಡೆ ತಿದ್ದುತ್ತಿದ್ದ, ರಾತ್ರಿ ಎರಡೂ ಯಂತ್ರಗಳು ಮಾತನಾಡಿಕೊಂಡಾಗ ಯಾರದು ಕೊನೆಯ ಮಾತೋ ಅವರದು ಉಳಿಯುತ್ತಿತ್ತು. ಸಾರಿಗೆ ಅತ್ತೆಯೂ ಉಪ್ಪು ಹಾಕಿ, ಸೊಸೆಯೂ ಉಪ್ಪು ಹಾಕಿದರೆ ಆಗುವಂತೆಯೇ. ಉಪ್ಪಿನ ಡಬ್ಬಿ ಒಬ್ಬರ ಕೈಯಲ್ಲಿರಬೇಕು. ಯಾವ ವಿಷಯಕ್ಕೆ ಯಾವ ಪುಸ್ತಕ ಮೂಲ ಎಂದು ಮೊದಲೇ ಗೊತ್ತು ಮಾಡಿ, ತಿದ್ದುವುದಿದ್ದರೆ ಅಲ್ಲೇ ತಿದ್ದಬೇಕು. ನಕಲಿನಲ್ಲಿ ತಿದ್ದಿದರೆ ಆ ದಿನಕ್ಕೆ ಸರಿಯಾಗಿ ಕಾಣುತ್ತದೆ, ರಾತ್ರಿ ಮೂಲದಿಂದ ಹಳೆಯದೇ ಬಂದು ಕೂರುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮಂಥ ವಲಸೆ ಬಂದ ಸಂಸಾರಗಳ ಮಾತಿಗೆ ಬರಬೇಕು. ನಮ್ಮಲ್ಲಿ ತಾಳೆ ತಪ್ಪುವುದಕ್ಕೆ ಹೆಸರೊಂದೇ ಸಾಕು. ಹೊಳೆನರಸೀಪುರದ ಶ್ರೀನಿವಾಸರಾಯರ ಮಗ ರಾಘವೇಂದ್ರ ಎಂಬವರು ಕೆಲಸಕ್ಕೆಂದು ಮದರಾಸಿಗೆ ಬಂದರು ಎಂದಿಟ್ಟುಕೊಳ್ಳಿ. ಊರಿನ ಶಾಲೆಯ ದಾಖಲೆಯಲ್ಲಿ ಅವರು ಎಚ್. ಎಸ್. ರಾಘವೇಂದ್ರ, ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು. ತಮಿಳುನಾಡಿನಲ್ಲಿ ಇನಿಷಿಯಲ್ ಎಂದರೆ ಸಾಮಾನ್ಯವಾಗಿ ತಂದೆಯದೊಂದೇ. ರೇಷನ್ ಕಾರ್ಡಿನಲ್ಲಿ ಎಸ್. ರಾಘವೇಂದ್ರನ್ ಆದರು. ತಮಿಳು ಲಿಪಿಯಲ್ಲಿ ಕ, ಗ, ಘ ಮೂರಕ್ಕೂ ಒಂದೇ ಅಕ್ಷರ. ಅಲ್ಲಿಂದ ಇಂಗ್ಲಿಷಿಗೆ ಮರಳಿ ಬರೆಯುವಾಗ ಎಚ್ ಬಿದ್ದುಹೋಗಿ ಆಧಾರಿನಲ್ಲಿ ರಾಗವೇಂದ್ರನ್ ಆದರು. ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ಕೊನೆಯ ಹೆಸರಿನ ಜಾಗದಲ್ಲಿ ಬರಿಯ ಇನಿಷಿಯಲ್ ಒಪ್ಪುವುದಿಲ್ಲ. ಬಿಡಿಸಿ ಬರೆದು ರಾಘವೇಂದ್ರ ಶ್ರೀನಿವಾಸರಾವ್ ಆದರು. ಊರಿನ ಪಹಣಿಯಲ್ಲಿ ರಾಘವೇಂದ್ರರಾವ್ ಬಿನ್ ಶ್ರೀನಿವಾಸರಾವ್. ಮನುಷ್ಯ ಒಬ್ಬರೇ, ದಾಖಲೆಯಲ್ಲಿ ಐವರು. ಈ ಐವರೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇರುವವರೆಗೆ ತೊಂದರೆಯಿರಲಿಲ್ಲ. ಪೆಟ್ಟಿಗೆಗಳನ್ನು ಜೋಡಿಸಿದಾಗ ಒಬ್ಬರನ್ನೊಬ್ಬರು ಗುರುತಿಸಲಿಲ್ಲ. ಕರ್ನಾಟಕದಲ್ಲಿ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ನನಗೆ ಗೊತ್ತಿರುವ ಎರಡು ಮೂರು ಮನೆಗಳವರು ಇದಕ್ಕಾಗಿಯೇ ಊರಿಗೆ ಓಡಬೇಕಾಯಿತು.

ಹೆಸರಿನಂತೆ ಬ್ಯಾಂಕಿನ ಗುರುತೂ. ಊರಿನ ಮೇಲಿನ ಅಭಿಮಾನದಿಂದ ನಮ್ಮವರು ಎಷ್ಟೋ ಜನ ಇಲ್ಲಿಯೂ ನಮ್ಮ ನಾಡಿನ ಬ್ಯಾಂಕುಗಳಲ್ಲೇ ಖಾತೆ ಇಟ್ಟವರು. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಬೋರ್ಡು ಬದಲಾದಾಗ ಎಲ್ಲರಿಗೂ ಬೇಸರವಾಯಿತು. ಆದರೆ ಐ.ಎಫ್.ಎಸ್.ಸಿ. ಎಂಬ ಹನ್ನೊಂದು ಅಕ್ಷರ, ಅಂಕಿಗಳ ಗುರುತು ಬದಲಾದದ್ದು ಅಷ್ಟಾಗಿ ಗಮನಕ್ಕೆ ಬರಲಿಲ್ಲ. ಅದರ ಮೊದಲ ನಾಲ್ಕು ಅಕ್ಷರ ಬ್ಯಾಂಕಿನವು, ಕೊನೆಯ ಆರು ಶಾಖೆಯವು. ಬ್ಯಾಂಕಿನವರು ತಮ್ಮ ಪುಸ್ತಕದಲ್ಲಿ ಬದಲಿಸಿಕೊಳ್ಳುತ್ತಾರೆ. ವಿಮೆ, ಷೇರು, ಹಳೆಯ ಕಂಪನಿಯ ಭವಿಷ್ಯನಿಧಿ, ಇವುಗಳ ಪುಸ್ತಕದಲ್ಲಿ ನಾವು ಬರೆಸಿದ್ದನ್ನು ಬದಲಿಸಲು ಮಾತ್ರ ನಾವೇ ಹೇಳಬೇಕು.

ಈಗ ನಮ್ಮ ಟ್ರಿಪ್ಲಿಕೇನಿನ ಅಜ್ಜಿಯೊಬ್ಬರ ವಿಷಯ. ಯಜಮಾನರು ಕೇಂದ್ರ ಸರ್ಕಾರದ ಪಿಂಚಣಿದಾರರು. ತೀರಿಕೊಂಡ ಮೇಲೆ ಅಜ್ಜಿಗೆ ಕುಟುಂಬ ಪಿಂಚಣಿ. ಮಕ್ಕಳಿಲ್ಲ. ಬಾಡಿಗೆ, ಔಷಧಿ ಎಲ್ಲ ಅದರಲ್ಲೇ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡಬೇಕಷ್ಟೆ. 2014ರ ನವೆಂಬರಿನಲ್ಲಿ 'ಜೀವನ್ ಪ್ರಮಾಣ್' ಬಂದ ಮೇಲೆ ಇದನ್ನು ಆಧಾರ್ ಮತ್ತು ಬೆರಳಚ್ಚಿನ ಮೂಲಕ ಗಣಕದಲ್ಲೇ ಕೊಡಬಹುದು; ವೃದ್ಧರಿಗೆ ದೊಡ್ಡ ಉಪಕಾರ. ಅಜ್ಜಿಯೂ ಬೀದಿಯ ಕೊನೆಯ ಸೇವಾ ಕೇಂದ್ರಕ್ಕೆ ಹೋಗಿ ಬೆರಳು ಕೊಟ್ಟು, ಸಂಖ್ಯೆಯೊಂದನ್ನು ಪಡೆದು ಬಂದರು. ಡಿಸೆಂಬರಿನ ಪಿಂಚಣಿ ಬರಲಿಲ್ಲ. ಜನವರಿಯದೂ ಇಲ್ಲ.

ಬ್ಯಾಂಕಿನಲ್ಲಿ ಕೇಳಿದರೆ,"ಪ್ರಮಾಣಪತ್ರ ಬಂದಿಲ್ಲ ಪಾಟಿ" ಎಂದರು. ಅಜ್ಜಿ ಕೊಟ್ಟಿದ್ದೇನೆ ಎಂದರು. ಮರೆತಿರಬೇಕು, ವಯಸ್ಸಾಯಿತಲ್ಲ ಎಂದು ಅಲ್ಲಿ ತೀರ್ಮಾನಿಸಿದರು. ನೆರೆಹೊರೆಯವರೂ ಕರುಣೆಯಿಂದ ಹಾಗೆಯೇ ಅಂದುಕೊಂಡರು. "ನನ್ನ ಬೆರಳು ನಾನೇ ಕೊಟ್ಟೆನಪ್ಪ, ನಾನೇ ಇಲ್ಲ ಅಂತಾರಲ್ಲ" ಎಂದು ಅಜ್ಜಿ ನನ್ನ ಮುಂದೆ ಹೇಳಿದಾಗ ಅವರ ಸೆರಗಿನ ಗಂಟಿನಲ್ಲಿ ಆ ಸಂಖ್ಯೆ ಬರೆದ ಚೀಟಿ ಇತ್ತು. ಆ ಚೀಟಿಯೇ ದಾರಿ ತೋರಿಸಿತು. ಪ್ರಮಾಣಪತ್ರ ನಿಜವಾಗಿಯೂ ತಯಾರಾಗಿತ್ತು. ಆದರೆ ತಯಾರಾಗುವುದು ಬೇರೆ, ಪಿಂಚಣಿ ಕೊಡುವವರ ವ್ಯವಸ್ಥೆ ಅದನ್ನು ಸ್ವೀಕರಿಸುವುದು ಬೇರೆ. ಸೇವಾ ಕೇಂದ್ರದಲ್ಲಿ ಪಿಂಚಣಿಯ ಬಗೆ ಎಂಬ ಕಡೆ 'ಕುಟುಂಬ' ಎಂದು ಆರಿಸುವ ಬದಲು 'ಸೇವಾ' ಎಂದು ಆರಿಸಿದ್ದರು. ಆಚೆಯ ಯಂತ್ರ ಆ ಸಂಖ್ಯೆಯ ಸೇವಾ ಪಿಂಚಣಿದಾರರು ಯಾರು ಎಂದು ತನ್ನ ಪುಸ್ತಕದಲ್ಲಿ ನೋಡಿತು. ಅವರು ತೀರಿಕೊಂಡಿದ್ದಾರೆ ಎಂದಿತ್ತು. ಚೀಟಿಯನ್ನು ಹಿಂದಕ್ಕೆ ಹಾಕಿತು. ಅದರ ಮಟ್ಟಿಗೆ ಅದು ಮಾಡಿದ್ದು ಸರಿಯೇ. ಗಂಡನ ಸಾವಿನ ದಾಖಲೆ ಹೆಂಡತಿಯ ಜೀವದ ದಾಖಲೆಯನ್ನು ನುಂಗಿತು. ಸರಿಯಾದ ಬಗೆ ಆರಿಸಿ ಇನ್ನೊಮ್ಮೆ ಬೆರಳು ಕೊಟ್ಟ ಮೇಲೆ ಬಾಕಿಯೆಲ್ಲ ಸೇರಿ ಬಂತು. ಎರಡು ತಿಂಗಳು ಅವರು ಔಷಧಿಯನ್ನು ಹೇಗೆ ತಂದರೋ, ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೋಟೆಲಿನ ಹುಡುಗ, ಟ್ರಿಪ್ಲಿಕೇನಿನ ಅಜ್ಜಿ, ಇವು ಸಣ್ಣವರ ಸಣ್ಣ ಕಥೆಗಳು ಎನ್ನಬಹುದು. ದೊಡ್ಡದಾದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡು ನೋಡಿತು. ಅಲ್ಲಿನ ಅಂಚೆ ಸಂಸ್ಥೆ 1999ರಿಂದ 'ಹೊರೈಜನ್' ಎಂಬ ಗಣಕ ವ್ಯವಸ್ಥೆಯನ್ನು ಶಾಖೆಗಳಲ್ಲಿ ತಂದಿತು. ತಯಾರಿಸಿದವರು ಫುಜಿತ್ಸು ಕಂಪನಿ. ಹಳ್ಳಿ, ಪೇಟೆಗಳ ಸಣ್ಣ ಅಂಚೆ ಶಾಖೆಗಳನ್ನು ನಡೆಸುತ್ತಿದ್ದವರ ನಗದಿಗೂ ಯಂತ್ರದ ಮೊತ್ತಕ್ಕೂ ತಾಳೆ ತಪ್ಪತೊಡಗಿತು. ಸ್ಕಾಟ್ಲೆಂಡಿನ ಫಾಲ್ಕರ್ಕ್ ಊರಿನ ಕ್ಯಾಲೆಂಡರ್ ಸ್ಕ್ವೇರ್ ಶಾಖೆಯ ಹೆಸರೇ ಅಂಥ ಒಂದು ದೋಷಕ್ಕೆ ನಿಂತಿತು: ಒಂದು ಕೌಂಟರಿನಲ್ಲಿ ಬರೆದದ್ದು ಪಕ್ಕದ ಕೌಂಟರಿಗೆ ತಲುಪದೆ, ಅಲ್ಲಿ ಅದೇ ವರ್ಗಾವಣೆ ಮತ್ತೊಮ್ಮೆ ದಾಖಲಾಗುತ್ತಿತ್ತು. ಕಡಿಮೆ ಬಿದ್ದ ಹಣವನ್ನು ಶಾಖೆಯವರೇ ತುಂಬಬೇಕೆಂದು ಸಂಸ್ಥೆ ಹೇಳಿತು. ಮನೆ ಮಾರಿ ತುಂಬಿದವರಿದ್ದಾರೆ. ಒಂಬೈನೂರಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕ ಇತ್ಯಾದಿ ಅಪರಾಧಗಳ ತೀರ್ಪಾಯಿತು. ಭಾರತದಲ್ಲಿ ಹುಟ್ಟಿ ಅಲ್ಲಿ ನೆಲೆಸಿದ್ದ ಸೀಮಾ ಮಿಶ್ರಾ ಎಂಬಾಕೆ 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲಿಗೆ ಹೋದರು. ಅಲನ್ ಬೇಟ್ಸ್ ಮತ್ತು ಸಂಗಡಿಗರು ಹೂಡಿದ ಮೊಕದ್ದಮೆಯಲ್ಲಿ 2019ರ ಡಿಸೆಂಬರಿನಲ್ಲಿ ನ್ಯಾಯಾಲಯ ಆ ವ್ಯವಸ್ಥೆಯಲ್ಲಿ ದೋಷಗಳಿದ್ದವೆಂದು ಹೇಳಿತು. 2021ರ ಏಪ್ರಿಲ್‌ನಲ್ಲಿ ಸೀಮಾ ಮಿಶ್ರಾ ಸೇರಿದಂತೆ 39 ಮಂದಿಯ ಶಿಕ್ಷೆಯ ತೀರ್ಪು ರದ್ದಾಯಿತು. ಉಳಿದವರಿಗಾಗಿ 2024ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಇದನ್ನು ಓದಿದಾಗ ನನಗೆ ರಾಯರ ಕಾಗದದ ಮೇಲಿನ ಮೂರು ಸಾಲುಗಳ ನೆನಪಾಯಿತು. ಎರಡು ಪುಸ್ತಕ ತಾಳೆಯಾಗದಾಗ ಮೊದಲು ಕೇಳಬೇಕಾದದ್ದು 'ಯಾರು ತೆಗೆದರು?' ಎಂದಲ್ಲ, 'ಎಲ್ಲಿ ಬೇರೆಯಾಯಿತು?' ಎಂದು. ಯಂತ್ರಕ್ಕೆ ಮನುಷ್ಯನ ಮೇಲೆ ದ್ವೇಷವಿಲ್ಲ ನಿಜ. ಆದರೆ ಅದಕ್ಕೆ ನಾಚಿಕೆಯೂ ಇಲ್ಲ. ತಪ್ಪು ಮೊತ್ತವನ್ನೂ ಸರಿಯಾದ ಮೊತ್ತದಷ್ಟೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ಎದುರು ನಿಂತ ಮನುಷ್ಯ ಮಾತ್ರ ತಡವರಿಸುತ್ತಾನೆ, ಬೆವರುತ್ತಾನೆ. ನೋಡುವವರಿಗೆ ಬೆವರಿದವನೇ ಕಳ್ಳನಂತೆ ಕಾಣುತ್ತಾನೆ.

ಕೊನೆಯದಾಗಿ ನಮ್ಮ ಸಂಘದ ಸದಸ್ಯರಲ್ಲಿ ಕೆಲವು ವಿಜ್ಞಾಪನೆಗಳು. ಮನೆಯ ಪ್ರತಿಯೊಬ್ಬರ ಹೆಸರು ಆಧಾರ್, ಪ್ಯಾನ್, ಬ್ಯಾಂಕು, ಪಾಸ್‌ಪೋರ್ಟು, ಶಾಲೆಯ ದಾಖಲೆ, ಊರಿನ ಪಹಣಿ ಇವುಗಳಲ್ಲಿ ಹೇಗೆ ಹೇಗಿದೆ ಎಂದು ಒಂದು ಹಾಳೆಯ ಮೇಲೆ ಬರೆದಿಡಿ. ಅಕ್ಷರಕ್ಕೆ ಅಕ್ಷರ ನೋಡಿ ಬರೆಯಿರಿ, ನೆನಪಿನಿಂದ ಬೇಡ. ತಿದ್ದಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಕೆದಕದೆ, ಒಂದನ್ನು ಮೂಲವೆಂದು ಇಟ್ಟುಕೊಂಡು ಉಳಿದವನ್ನು ಒಂದೊಂದಾಗಿ ಅದಕ್ಕೆ ಹೊಂದಿಸಿ. ಯಾವ ಕಚೇರಿಯಲ್ಲೇ ಆಗಲಿ, ಗಣಕದಲ್ಲಿ ಕೊಟ್ಟ ಅರ್ಜಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಜ್ಜಿಯ ಸೆರಗಿನ ಚೀಟಿ ಇಲ್ಲದಿದ್ದರೆ ನಮಗೂ ದಾರಿ ತಿಳಿಯುತ್ತಿರಲಿಲ್ಲ. ನವೆಂಬರಿನಲ್ಲಿ ಪ್ರಮಾಣಪತ್ರ ಕೊಟ್ಟ ಹಿರಿಯರು, ಅದು ಸ್ವೀಕಾರವಾಯಿತೇ ಎಂದು ತಿಂಗಳು ಮುಗಿಯುವುದರೊಳಗೆ ಮತ್ತೊಮ್ಮೆ ವಿಚಾರಿಸಿ. ಒಬ್ಬರೇ ಇರುವ ವೃದ್ಧರು ನಿಮ್ಮ ಬೀದಿಯಲ್ಲಿದ್ದರೆ ಅವರ ಪರವಾಗಿ ನೀವು ವಿಚಾರಿಸಿ. ಇದಕ್ಕೆ ಕಂಪ್ಯೂಟರ್ ವಿದ್ಯೆ ಬೇಕಾಗಿಲ್ಲ. ಒಂದು ಪೆನ್ಸಿಲು, ಒಂದು ಹಾಳೆ, ಒಂದರ್ಧ ದಿನದ ಪುರಸೊತ್ತು ಇದ್ದರೆ ಆಯಿತು. ನಮ್ಮ ಸಂಘದಲ್ಲಿ ನಿವೃತ್ತರಾದ ಲೆಕ್ಕಪತ್ರದವರು, ಬ್ಯಾಂಕಿನವರು ಬೇಕಾದಷ್ಟು ಮಂದಿ ಇದ್ದಾರೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಹೊತ್ತು ಅವರು ಕೂರುವುದಾದರೆ, ಪಕ್ಕದಲ್ಲಿ ಪೆನ್ಸಿಲು ಹಿಡಿದು ಕೂರಲು ನಾನು ಸಿದ್ಧನಿದ್ದೇನೆ.